ಸೋಸುವ ಕೊಳವೆ

ತಡಿಯಂಡಮೋಳಿನ ದಾರಿಯಲ್ಲಿ ದೊಡ್ಡ ಬಂಡೆ ಸಿಗುವ ಮುಂಚೆ
ತೊರೆಯೊಂದು ಅಡ್ಡ ಬರುತ್ತದೆ.
ಹತ್ತೊಂಬತ್ತು ವರ್ಷ ಅಲ್ಲಿ ನಿಂತು ಒಂದೇ ಮಾತು ಹೇಳಿದ್ದೇನೆ:
"ಕುಡೀರಿ, ಇಂಥ ನೀರು ನಿಮ್ಮೂರಲ್ಲಿ ದುಡ್ಡು ಕೊಟ್ಟರೂ ಸಿಗಲ್ಲ."
ಕೂವೆ ಎಲೆ ಮಡಚಿ ದೊನ್ನೆ ಮಾಡಿ
ಮೊದಲು ನಾನೇ ಕುಡಿದು ತೋರಿಸುತ್ತಿದ್ದೆ
ನಾಟಕದವನ ಹಾಗೆ, ಗಟಗಟ ಸದ್ದು ಮಾಡಿ.

ಆ ನವೆಂಬರಿನಲ್ಲಿ ಬಂದವರು ಬಳ್ಳಾರಿಯ ರೆಹನಾ ಟೀಚರ್.
ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠವಂತೆ.
ದೊನ್ನೆಯನ್ನು ಎರಡೂ ಕೈಯಲ್ಲಿ ಇಸಕೊಂಡರು,
ಮರ್ಯಾದೆಗೆ. ಕುಡಿಯಲಿಲ್ಲ.
ಬ್ಯಾಗಿನಿಂದ ಒಂದು ಗಿಡ್ಡ ಕೊಳವೆ ತೆಗೆದರು,
ಟಾರ್ಚಿನಷ್ಟು ಉದ್ದ, ಮಕ್ಕಳ ಪೀಪಿಯಷ್ಟು ಹಗುರ.
ಮಡಚುವ ಚೀಲಕ್ಕೆ ತೊರೆ ತುಂಬಿಸಿ, ಕೊಳವೆ ತಿರುಪಿ,
ಕೆಚ್ಚಲು ಹಿಂಡಿದಂತೆ ಹಿಂಡಿದರು.

ನನಗೆ ಸಿಟ್ಟು ಬಂತು,
ನಾವು ಬಡಿಸಿದ ತಟ್ಟೆಯನ್ನು ನೆಂಟರು ಒರೆಸಿಕೊಂಡ ಹಾಗೆ.
"ಒಳಗೇನಿದೆ?" ಅಂದೆ.
"ಶ್ಯಾವಿಗೆಯಂಥ ನಳಿಗೆಗಳ ಕಟ್ಟು.
ಗೋಡೆ ತುಂಬ ಕಣ್ಣಿಗೆ ಕಾಣದ ತೂತು.
ನೀರು ನುಸುಳತ್ತೆ, ಹುಳ ನುಸುಳಲ್ಲ."
"ಈ ನೀರಲ್ಲಿ ಹುಳವೇ?"
ಅವರು ತೊರೆ ಇಳಿದು ಬರುವ ಕಡೆ ನೋಡಿದರು.
ನಾನೂ ನೋಡಿದೆ. ಅಂಚಿನಲ್ಲೇ ನಿನ್ನೆಯ ಆನೆ ಲದ್ದಿ,
ಅದರ ಮೇಲೆ ಚಿಟ್ಟೆಗಳು.
"ಭೇದಿ ಹಿಡಿದರೆ ಚಿಕ್ಕ ಮಕ್ಕಳು ಎರಡು ದಿನ ತಡೆಯಲ್ಲ,"
ಅಂದರು, ಪಾಠದ ದನಿಯಲ್ಲಿ, ಯಾರಿಗೂ ಅಂತಲ್ಲ.

ನನ್ನ ತಮ್ಮ ಚಂಗಪ್ಪ ತಡೆದದ್ದು ಒಂದೂವರೆ.
ನಾಲ್ಕು ವರ್ಷ. ಕಕ್ಕಡ ತಿಂಗಳು,
ಕಕ್ಕಬ್ಬೆಗೆ ಜೀಪು ಇಳಿಯದ ಮಳೆ.
ಕಾಡಿನದು ಯಾವುದೋ ಮುಟ್ಟಿದೆ ಅಂದರು ಹಿರಿಯರು.
ಕೋಳಿ ಕೊಯ್ದರು. ಬಾಗಿಲಿಗೆ ಮುಳ್ಳು ಕಟ್ಟಿದರು.
ಕೊನೆಗೆ ಅವ್ವ ತೀರ್ಥದ ಕುಪ್ಪಿ ತಂದು ಮೂರು ಹನಿ ಬಿಟ್ಟಳು.
ಅದಕ್ಕೂ ಮುಂಚೆ, ಬಾಯಾರಿಕೆ ಎಂದು ಅವನು ಅತ್ತಾಗಲೆಲ್ಲ
ನಾನೇ ಓಡಿ ಓಡಿ ತೊರೆಯಿಂದ ತಂದು ಕುಡಿಸಿದ್ದೆ,
ಕೂವೆ ಎಲೆಯಲ್ಲಿ.

ಬೆಟ್ಟದ ತುದಿಯವರೆಗೂ ನಾನು ಮಾತಾಡಲಿಲ್ಲ.
ದಣಿವು ಅಂದುಕೊಂಡಿರಬೇಕು ಟೀಚರ್.
ಇಳಿದ ಮೇಲೆ ಕೂಲಿಯ ಜೊತೆ ಆ ಕೊಳವೆಯನ್ನೂ ಕೊಟ್ಟರು.

ಈಗ ಅದು ಒಲೆಯ ಪಕ್ಕದ ಮೊಳೆಯಲ್ಲಿದೆ.
ಅವ್ವ ಅದಕ್ಕೆ ನೀರುಪೀಪಿ ಅನ್ನುತ್ತಾಳೆ.
ತುಲಾ ಸಂಕ್ರಮಣದ ತೀರ್ಥವನ್ನು ಮಾತ್ರ
ಅದರ ಹತ್ತಿರ ಸುಳಿಯಗೊಡುವುದಿಲ್ಲ.
"ಕಾವೇರಮ್ಮನ್ನ ಸೋಸೋಕೆ ನೀನ್ಯಾರು?"
ನಾನು ವಾದಿಸುವುದಿಲ್ಲ.
ಜನವರಿಯಲ್ಲಿ ತೋಟದವರು ಕಾಫಿ ಪಲ್ಪಿಂಗ್ ಶುರು ಮಾಡಿದಾಗ
ಕೆಳಗಿನ ತೋಡಿನ ನೀರನ್ನೂ ಹಾಕಿ ನೋಡಿದೆ.
ಕಸ ನಿಂತಿತು. ಬಣ್ಣ, ಹುಳಿ ನಾತ
ಎರಡೂ ಆರಾಮಾಗಿ ದಾಟಿ ಬಂದವು.
ಕೊಳವೆಗೂ ಎಲ್ಲ ಗೊತ್ತಿಲ್ಲ.
ಆ ನೀರನ್ನು ಎಲ್ಲಿ ಚೆಲ್ಲಲಿ ಎಂದು ಸ್ವಲ್ಪ ಹೊತ್ತು ನಿಂತಿದ್ದೆ.

ಹತ್ತು ಹದಿನೈದು ಚೀಲ ಸೋಸಿದ ಮೇಲೆ ಅದು ಕಟ್ಟಿಕೊಳ್ಳುತ್ತದೆ.
ಆಗ ಸೋಸಿದ ನೀರನ್ನೇ ಸಿರಿಂಜಿಗೆ ತುಂಬಿ
ಬಾಯಿಯ ಕಡೆಯಿಂದ ಹಿಂದಕ್ಕೆ ಒತ್ತಬೇಕು, ಜೋರಾಗಿ.
ಟೀಚರ್ ಇದನ್ನು ಎರಡು ಸಲ ಹೇಳಿಕೊಟ್ಟಿದ್ದರು.
ಭಾನುವಾರ ಅಂಗಳದಲ್ಲಿ ಕೂತು ಒತ್ತುತ್ತೇನೆ.
ಮೊದಲು ಏನೂ ಬರುವುದಿಲ್ಲ. ಹೆಬ್ಬೆರಳು ನೋಯುತ್ತದೆ.
ಆಮೇಲೆ ಒಮ್ಮೆಲೇ, ಕೆಮ್ಮಿದ ಹಾಗೆ,
ಕೆಂಪು ಮಣ್ಣು, ಪಾಚಿಯ ಎಳೆ,
ಯಾವುದೋ ಹಳೆಯ ಮಳೆಗಾಲದ ವಾಸನೆ.

ತೊರೆಯ ಹತ್ತಿರ ಈಗಲೂ ನಿಲ್ಲುತ್ತೇನೆ.
ಎಲೆ ಮಡಚುತ್ತೇನೆ, ಕೈಗೆ ಅಭ್ಯಾಸ.
ಜನ ಬಗ್ಗುತ್ತಾರೆ, ಬೊಗಸೆ ಒಡ್ಡುತ್ತಾರೆ.
"ತಾಳಿ," ಅನ್ನುತ್ತೇನೆ, "ಒಂದು ನಿಮಿಷ."