ಟೊಳ್ಳು

ನಾ ಮಾಡೂದು ಟೊಳ್ಳು.
ಕೇಳಿದವರಿಗೆ ಹಿಂಗ ಹೇಳತೇನಿ, ನಗತಾರ.
ಉದ್ಯಮಬಾಗದ ಫೌಂಡ್ರಿಯೊಳಗ ಕಬ್ಬಿಣ ಹೊಯ್ಯಾವರು ಗಂಡಸರು,
ಕಬ್ಬಿಣ ಎಲ್ಲಿ ಹೋಗಬಾರದು ಅಂತ ಹೇಳಾವರು ನಾವು,
ಕೋರ್ ಶಾಪಿನ ಒಂಬತ್ತು ಹೆಂಗಸರು.

ಪೆಟಿಗಿಯೊಳಗ ಉಸುಕು ತುಂಬಿ, ಬಡದು,
ಗ್ಯಾಸ್ ಹೊಡದರ ಹತ್ತ ಎಣಸೂದರಾಗ ಕಲ್ಲು.
ಮುಕ್ಕಾದಲ್ಲೆ ಹೆಬ್ಬಟ್ಟಿಲೆ ಒತ್ತಿ, ಕರೇ ಬಣ್ಣ ಹಚ್ಚಿ
ಕೂಸಿನಂಗ ಎರಡೂ ಕೈಲೆ ಅಚ್ಚಿನೊಳಗ ಮಲಗಸಬೇಕು.
ಮ್ಯಾಲ ಬೆಂಕಿನೀರು ಬರತೈತಿ.
ಆರಿದ ಮ್ಯಾಲ ನಮ್ಮ ಉಸುಕ ಕುಟ್ಟಿ ಉದರಸತಾರ.
ಉಳಿಯೂದು ಬರೇ ಜಾಗಾ.

ಮೊದಲ ಪಂಪಿನ ಮೈ ಮಾಡತಿದ್ವಿ, ಟ್ರ್ಯಾಕ್ಟರಿನ ಗೇರಪೆಟಿಗಿ.
ದೀಪಾವಳಿ ಆದಮ್ಯಾಲ ಹೊಸಾ ಪೆಟಿಗಿ ಬಂದವು.
ಡ್ರಾಯಿಂಗಿನ ಮ್ಯಾಲ ಹೆಸರಿಲ್ಲ, ನಂಬರ್ ಐತಿ.
ಏನಿದು ಅಂತ ಕೇಳಿದರ ಸುಪರ್‌ವೈಜರ್ ಚೌಗುಲೆ
"ಎಕ್ಸ್‌ಪೋರ್ಟ್" ಅಂದ,
ದೇವರ ಹೆಸರ ಹೇಳಿದಂಗ, ದನಿ ತಗ್ಗಿಸಿ.

ಯಾವದೋ ದೇಶದಾಗ ಯುದ್ಧ ಹತ್ತಿತ್ತು.
ನಮ್ಮಲ್ಲೆ ಓಟಿ ಚಾಲೂ ಆತು.
ರಾತ್ರಿ ಹನ್ನೊಂದರತನಕ, ತಾಸಿಗೆ ಡಬಲ್.
ಸುನಂದಾ ಗಂಡನ ಹರ್ನಿಯಾ ಆಪರೇಶನ್ ಮಾಡಿಸಿದಳು.
ನಾ ಮಗಳ ನರ್ಸಿಂಗ್ ಫೀ ಎರಡೂ ಕಂತು ಒಮ್ಮೆಲೆ ಕಟ್ಟಿ
ರಸೀದಿ ಗಲ್ಲಕ್ಕ ಹಚಗೊಂಡು ನಿಂತೆ, ಕೌಂಟರ್ ಮುಂದ.
ಸುಳ್ಳ್ಯಾಕ ಹೇಳಲಿ,
ಯುದ್ಧ ನಿಲ್ಲಬಾರದು ಅಂತ ಬೇಡಕೊಳ್ಳಲಿಲ್ಲ,
ಈ ತಿಂಗಳ ನಿಲ್ಲಬಾರದು ಅಂತ ಬೇಡಕೊಂಡೆ.

ಒಂದ ಕೈಲೆ ಕೊಟ್ಟದ್ದು ಇನ್ನೊಂದ ಕೈಲೆ ಇಸಗೊಂತು.
ಸೂರ್ಯಕಾಂತಿ ಎಣ್ಣಿಗೆ ವಾರಕ್ಕೊಂದು ರೇಟು.
ಅನಗೋಳದ ಮೂಲಿ ಅಂಗಡಿ ಮೋದಗಿ ಅಣ್ಣ
"ಹಡಗ ಬಂದಿಲ್ಲಬೇ" ಅಂದ.
ಸಮುದ್ರ ಕಂಡಾಂವ ಅಲ್ಲ, ಗೋವಾಕ್ಕ ಸೈತ ಹೋಗಿಲ್ಲ.
ಆದರೂ ಕಣ್ಣ ಕಿರಿದ ಮಾಡಿ ಚೋರ್ಲಾ ಘಾಟದ ಕಡೆ ನೋಡಿದ,
ಹಡಗು ಅಲ್ಲಿಂದನ ಏರಿ ಬರೂವಂಗ.

ಹಡಗಿನ್ಯಾಗ ಇದ್ದಾಂವ ಇರ್ಷಾದ,
ಬಾಜೂ ಮನಿ ಜೈಬುನ್ ಮೌಶಿ ಮಗ,
ಅಡಗಿ ಮಾಡಾಂವ.
ನಟ್ಟನಡುವ ತರುಬ್ಯಾರಂತ,
ಮುಂದ ಬಿಡವಲ್ಲರು, ಹಿಂದ ಹೋಗಗೊಡವಲ್ಲರು.
ಇಪ್ಪತ್ತೆರಡು ಮಂದಿ, ಮೂರು ಕಿಲೋ ಉಳ್ಳಾಗಡ್ಡಿ,
ಹ್ಯಾಂಗ ಸಾಲಸಲಿ ಅಮ್ಮಾ ಅಂತ ಫೋನ್ ಮಾಡತಿದ್ದ.
ಸಣ್ಣಗ ಹೆಚ್ಚು, ಅಂತಿದ್ದಳು ಆಕಿ. ಇನ್ನಷ್ಟು ಸಣ್ಣಗ.
ಈಗ ಹತ್ತೊಂಬತ್ತು ದಿನಾ ಆತು, ಫೋನಿಲ್ಲ.
ಆಕಿ ಮಾತ್ರ ಹೆಚ್ಚತಾಳ.
ಮಣಿ ಮ್ಯಾಲ ಚೂರಿ ಬಡಿಯೂ ಸಪ್ಪಳ
ಗ್ವಾಡಿ ದಾಟಿ ನನ್ನ ಹಾಸಗಿಗೆ ಬರತೈತಿ.

ಮೊನ್ನೆ ಒಂದು ಲಾಟ್ ರಿಜೆಕ್ಟ್ ಆಗಿ ಬಂತು.
ಚೌಗುಲೆ ಬ್ಯಾಟರಿ ಹಾಕಿ ಒಳಗ ತೋರಿಸಿದ:
"ನೋಡ, ಯಾರದಿದು?"
ಟೊಳ್ಳಿನ ಒಳಮೈಗೆ, ಕಬ್ಬಿಣದಾಗ,
ಒಂದು ಹೆಬ್ಬಟ್ಟು.
ಉಸುಕಿನ್ಯಾಗ ಒತ್ತಿದ ತಗ್ಗು ಅಲ್ಲೆ ಉಬ್ಬಾಗಿ ಎದ್ದಿತ್ತು.
ಗೆರಿ ಇದ್ದಿಲ್ಲ,
ಸಣ್ಣಾಕಿದ್ದಾಗ ಈಳಗಿ ಕೊಯ್ದ ಅಡ್ಡಗೀಟು ಇತ್ತು.

ರೇಶನ್ ಅಂಗಡಿ ಮಶಿನ್ನಿಗೆ ನಾ ಯಾರೂ ಅಲ್ಲ.
ಉಸುಕು ಗೆರಿ ತಿಂದೈತಿ ಅಂತಾರ,
ಸೆರಗಿಲೆ ಒರಸಿ ಮೂರ ಸಲ ಒತ್ತಿದರೂ ಕೆಂಪ ದೀಪ.
ಕಬ್ಬಿಣ ಮಾತ್ರ ಗುರುತ ಹಿಡದಿತ್ತು.

"ನಂದ" ಅಂದೆ.
ಇನ್ನೂರು ರೂಪಾಯಿ ಮುರದ.
"ಹ್ವಾದವು ಎಷ್ಟು?" ಅಂತ ಕೇಳಿದೆ.
ವಹಿ ತಗದು ನೋಡಿ "ಏಳ ಸಾವಿರದ ಮ್ಯಾಲ" ಅಂದ.
ನಾ ಕೇಳಿದ್ದು ಅದಲ್ಲ.

ಅದರಾಗ ಏನ ತುಂಬತಾರೋ, ನೀರೋ, ಎಣ್ಣಿಯೋ,
ಅಂವಗೂ ಗೊತ್ತಿಲ್ಲ.
ಗೊತ್ತಿದ್ದರ ನಾಳಿ ಡ್ಯೂಟಿಗೆ ಬರಾಕಿಲ್ಲೇನ ನಾ?
ಬರತಿದ್ದೆ ಅನಸತೈತಿ. ಅದ ಅಂಜಿಕಿ.

ರಾತ್ರಿ ಮನಿಗೆ ಬಂದರ ಜೈಬುನ್ ಮೌಶಿ ಕಟ್ಟಿ ಮ್ಯಾಲ,
ಮಡಲಾಗ ಫೋನು.
"ಉಳ್ಳಾಗಡ್ಡಿ ಕೈಯವಾ, ನನಗ ತೆರೀವಲ್ದು,
ನಿನ್ನ ಬೆರಳ ಹಚ್ಚ ಒಂಚೂರು."
ಹೆಬ್ಬಟ್ಟು ಮುಷ್ಟಿಯೊಳಗ ಮಡಚಿ
ತೋರಬೆರಳಿಲೆ ಎಳದೆ.
ತೆರೀತು.
ಯಾರದೂ ಬಂದಿದ್ದಿಲ್ಲ.