ಊದು

ಬೆಳಗಿನ ಜಾವ ನಾಲ್ಕೂವರೆ, ಹಾಸನ ಡಿಪೋ.
ಗೇಟಿನಲ್ಲಿ ಪುಟ್ಟಲಿಂಗಾಚಾರ್ ಮಿಷನ್ನು ಚಾಚಿದ:
‘ಊದು.’
ಊದಿದೆ. ಕುಯ್ಯೆಂದಿತು.

‘ಇಪ್ಪತ್ತೆರಡು ವರ್ಷ ಸರ್ವೀಸು, ನೀನೂನಾ ಚೆನ್ಕೇಶ?’
ಅವನ ದನಿಯಲ್ಲಿ ಕೋಪಕ್ಕಿಂತ
ಒಂಥರಾ ಸಮಾಧಾನವೇ ಇತ್ತು.

ಏನು ಹೇಳಲಿ. ಕುಡಿದಿಲ್ಲ. ತಿಂದೂ ಇಲ್ಲ.
ಮುದ್ದೆ ಮುರಿದು ಒಂಬತ್ತು ವಾರವಾಯಿತು.
ನನಗೂ ಸ್ಟೇರಿಂಗಿಗೂ ನಡುವೆ
ಟಿಕೆಟಿಲ್ಲದೆ ಕೂತಿದ್ದ ಒಬ್ಬನನ್ನು
ಇಳಿಸಬೇಕಿತ್ತು, ಅಷ್ಟೆ.
ಹಿಟ್ಟು ತಿಂದವನು ಬೆಟ್ಟ ಕಿತ್ತಾನು ಅಂತಾರೆ;
ನಾನು ಕಿತ್ತ ಬೆಟ್ಟವೆಲ್ಲ
ಬೆಲ್ಟಿನ ಮೇಲೇ ಕೂತಿತ್ತು.

ಮೊದಲ ವಾರ ಹಸಿವು
ಕಾಲೇಜು ಹುಡುಗರ ಹಾಗೆ ಬಾಗಿಲಲ್ಲೇ ನೇತಾಡಿತು.
ಆಲೂರು ದಾಟುವಾಗ ಯಾರದೋ ಬುತ್ತಿಯ
ಹುರುಳಿ ಬಸ್ಸಾರಿನ ಘಮಕ್ಕೆ
ಗೇರು ತಪ್ಪಿತು.
ಆಮೇಲೊಂದು ದಿನ, ಬಾಳ್ಳುಪೇಟೆಯಲ್ಲೋ ಎಲ್ಲೋ,
ಹೇಳದೆ ಕೇಳದೆ ಇಳಿದುಹೋಯಿತು.

ಹಸಿವಿಲ್ಲದ ಹೊಟ್ಟೆ
ಕೊನೇ ಟ್ರಿಪ್ಪಿನ ಖಾಲಿ ಬಸ್ಸು.
ಸದ್ದೆಲ್ಲ ಕಿಟಕಿಗಳದ್ದೇ.

ಡಾಕ್ಟರಮ್ಮ ಹೇಳಿದ್ದರು:
ಅನ್ನ ಹಿಟ್ಟು ಬರೋದು ನಿಂತರೆ
ಲಿವರ್ರು ರಾತ್ರಿಪಾಳಿಗೆ ಇಳಿಯುತ್ತೆ,
ಕೂಡಿಟ್ಟ ಕೊಬ್ಬನ್ನ ಬಿಚ್ಚಿ ಕೀಟೋನ್ ಮಾಡಿ
ತಲೆಗೂ ಒಂದು ಪಾಲು ಕಳಿಸುತ್ತೆ.
ಅದು ತಲುಪಿದ ಮೇಲೆ ಹೊಟ್ಟೆ
ಹಾರ್ನ್ ಹೊಡೆಯೋದು ಕಡಿಮೆ ಮಾಡುತ್ತೆ. ಯಾಕೆ ಅಂದರೆ
ಪೂರ್ತಿ ನಮಗೂ ಗೊತ್ತಿಲ್ಲ, ಅಂದರು.
ಅದರಲ್ಲೊಂದಿಷ್ಟು ಉಸಿರಲ್ಲೇ ಹೋಗುತ್ತಂತೆ.

ಪುಷ್ಪಲತ ಆ ಕಡೆ ತಿರುಗಿ ಮಲಗುತ್ತಾಳೆ.
‘ನಿಮ್ಮ ಬಾಯಿ, ಮಗಳು ಉಗುರುಬಣ್ಣ ಒರೆಸೋ ಸೀಸೆ.’
ಎಸರಿನ ಅಳತೆ ಅವಳ ಕೈಗೆ ಇನ್ನೂ ಹತ್ತಿಲ್ಲ;
ಒಂದು ಮುದ್ದೆ ತೊಳೆಸಲು ಹೋಗಿ
ಎರಡಾಗುತ್ತದೆ. ಹಿಟ್ಟು ಎಸೆಯಬಾರದು.
ಮಿಕ್ಕಿದ್ದನ್ನು ತಾನೇ ಉಣ್ಣುತ್ತಾಳೆ.
ನಾನಿಳಿಸಿದ ಹನ್ನೊಂದು ಕೇಜಿಯಲ್ಲಿ
ನಾಲ್ಕಾದರೂ
ಮನೆ ಬಿಟ್ಟು ಹೋಗಿಲ್ಲ.

ಇದನ್ನೆಲ್ಲ ಗೇಟಿನಲ್ಲಿ ನಿಂತು
ಯಾವ ರಿಜಿಸ್ಟರಿಗೆ ಬರೆಸಲಿ?
ನನ್ನ ಬಸ್ಸಿನ ದೀಪ ಹತ್ತಿತು.
ಬೇರೆ ಯಾರೋ ಕನ್ನಡಿ ತಿರುಗಿಸಿಕೊಳ್ಳುತ್ತಿದ್ದ,
ತನ್ನ ಎತ್ತರಕ್ಕೆ.

‘ಬಾಯಿ ಮುಕ್ಕಳಿಸು. ಹದಿನೈದು ನಿಮಿಷ ಕೂತಿರು.’
ಕೂತೆ. ಪುಟ್ಟಲಿಂಗಾಚಾರ್ ಬಗ್ಗಿ,
ಮೂಗು ಹತ್ತಿರ ತಂದು,
ಮೊದಲ ಸಲ ಮಿಷನ್ನು ಬಿಟ್ಟು ತಾನೇ ಮೂಸಿದ.
‘ಹಲಸಿನಹಣ್ಣು ತಿಂದು ಬಂದೆಯೇನೋ?’

ಹಲಸಿನಹಣ್ಣು.
ಒಂಬತ್ತು ವಾರದ ಮೇಲೆ
ಬಾಯಲ್ಲಿ ನೀರೂರಿತು.

‘ಊದು,’ ಎಂದ ಮತ್ತೆ.
ನುಂಗಿಕೊಂಡು
ಊದಿದೆ.