ಖಾಲಿ ಎಲೆ

ವರ್ಷವಿಡೀ ಬಂದ ಮದುವೆ ಕಾಗದಗಳನ್ನು
ಬೀಡಿ ಕಂಪೆನಿಯ ರಟ್ಟಿನ ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದೆ:
ಮೂಲೆಗೆ ಅರಶಿನ ಹಚ್ಚಿದವು, ಹಸಿರು ಜರಿಯ ನಿಖಾಹ್‌ನವು,
ಎರಡು ಉಂಗುರ ಒಂದು ಪಾರಿವಾಳದ ಇಗರ್ಜಿಯವು.
ಕತ್ತರಿಸಿ, ಬೆನ್ನ ಮೇಲೆ ಬರೆದೆ.
ನುಣುಪಾದ ದುಬಾರಿ ಕಾಗದಕ್ಕೆ ಶಾಯಿ ಹಿಡಿಯುವುದಿಲ್ಲ.

ಒಂಬತ್ತನೇ ಬಿ. ಶನಿವಾರದ ಕೊನೆಯ ಪೀರಿಯಡ್.
ಬಂದರಿನ ನಮ್ಮ ಶಾಲೆಯ ಒಂದು ಕಿಟಕಿಗೆ ಮೆಣಸಿನ ಗೋದಾಮು,
ಇನ್ನೊಂದಕ್ಕೆ ಮೀನಿನ ಧಕ್ಕೆ;
ಗಾಳಿ ತಿರುಗಿದ ಹಾಗೆ ಸೀನು, ಇಲ್ಲವೆ ಹಸಿವು.

"ಆಟವಾ ಟೀಚರ್? ಮಾರ್ಕು ಉಂಟಾ?"
ಮಾರ್ಕಿಲ್ಲ. ನಿಯಮ ಉಂಟು, ಒಂದೇ:
ನಿನ್ನ ಮನೆಯ ಮಾತು ನೀನು ಆಡುವಂತಿಲ್ಲ.
ಬಂಗುಡೆಯ ಚಿತ್ರ ಬಂತೋ,
ಪಕ್ಕದವರ ಅಡುಗೆಮನೆಯಲ್ಲಿ ಅದನ್ನು ಏನೆನ್ನುತ್ತಾರೋ
ಹಾಗೆ ಹೇಳಿ ಎಲೆ ಎತ್ತಿಕೊ.

ಮೊದಲು ಮೌನ.
ಒಂದೇ ಪೆನ್ನಿನ ಬಾಲ ಕಚ್ಚಿಕೊಂಡು
ಎರಡು ವರ್ಷ ಒಂದೇ ಬೆಂಚಿನಲ್ಲಿ ಕೂತವರಿಗೆ
ಆಚೆಯವನ ಬುತ್ತಿಯ ಹೆಸರು ಗೊತ್ತಿರಲಿಲ್ಲ.
ಆಮೇಲೆ ಗಲಾಟೆ.
ಯಶಿಕಾ ಕಾಂಚನ್ ಮೂಗಿನಲ್ಲೇ "ಬಾಂಗ್ಡೊ" ಎಂದಳು,
ಮೆಲ್ರಾಯ್ "ಐಲೇ..." ಎಂದ, ಮುಫೀದ್ ತಲೆ ಚಚ್ಚಿಕೊಂಡ:
"ಅಷ್ಟು ಎಳೆಯಬೇಡ ಮಾರಾಯ, ಅದು ಮೀನು, ಬಲೆಯಲ್ಲ!"
ಬೂತಾಯಿ, ತಾರ್ಲೆ, ಮತ್ತಿ:
ಒಂದು ಮೀನು ಮೂರು ಬಾಗಿಲು ತಟ್ಟಿ ಬಂತು.

ಪುಂಡಿ ಯಾರದ್ದೆಂದು ಜಗಳ.
ನಮ್ಮದು. ಅಲ್ಲ, ನಮ್ಮದು. ಎರಡು ಬೆಂಚು ಎದ್ದು ನಿಂತವು.
ಈ ಊರಿನಲ್ಲಿ ಎದ್ದು ನಿಂತದ್ದು
ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಬಲ್ಲವಳು, ಸೀಮೆಸುಣ್ಣ ಬಿಟ್ಟೆ.
ಹಿಂದಿನ ಸಾಲಿನಿಂದ ಸಣ್ಣ ದನಿ:
"ಪುಂಡಿ ಅಂದ್ರ ಸೊಪ್ಪಲ್ಲೇನ್ರಿ?"
ಸೊಪ್ಪಾ? ಪುಂಡಿ, ಸೊಪ್ಪಾ?
ಎರಡು ಬೆಂಚೂ ಒಂದಾಗಿ ಅವಳ ಕಡೆ ತಿರುಗಿ ನಕ್ಕವು.
ಒಗ್ಗಟ್ಟು ಬಂದದ್ದು ಹೀಗೆ.
ನನಗದು ಅಷ್ಟೇನೂ ಹಿಡಿಸಲಿಲ್ಲ.

ಗಾಳೆವ್ವ. ಜುಲೈಯಲ್ಲಿ ಸೇರಿದವಳು.
ಅಪ್ಪ ಅಮ್ಮ ಕದ್ರಿಯಲ್ಲಿ ಹದಿನಾರನೇ ಮಾಳಿಗೆಗೆ
ಸಿಮೆಂಟು ಹೊರುತ್ತಾರೆ.
ಎಲೆ ತಿರುಗಿಸಿ ಮದುವೆ ಹೆಣ್ಣಿನ ಹೆಸರು ಓದಿದಳು,
ಮತ್ತೆ ತಿರುಗಿಸಿ ಮೀನನ್ನು ನೋಡಿದಳು.
ಮೂರೂ ಮನೆಯ ಹೆಸರು ತಪ್ಪಿಲ್ಲದೆ ಹೇಳಿದಳು.
"ನಮ್ಮ ಮನ್ಯಾಗ ಇದಕ್ಕ ಹೆಸರ ಇಲ್ರಿ ಟೀಚರ್."

ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದವಳು ನಾನು,
"ಕನ್ನಡ" ಎಂಬ ಕಾಲಮ್ಮಿನಲ್ಲಿ "ಬಂಗುಡೆ" ಎಂದು ಬರೆದಿದ್ದೆ,
ನನ್ನಜ್ಜಿಯ ತುಳುವನ್ನೇ ಎತ್ತಿ,
ಸಾಲವೆಂದು ಎಲ್ಲೂ ಕಾಣಿಸದೆ.
ಆ ಕೋಣೆಯಲ್ಲಿ ಮನೆಗೆ ಹೋಗಿಯೂ ಕನ್ನಡವನ್ನೇ ಆಡುವವಳು
ಅವಳೊಬ್ಬಳು. ಅವಳಿಗೇ ಇರಲಿಲ್ಲ ಎಲೆ.

ಪೆಟ್ಟಿಗೆಯ ತಳದಲ್ಲಿ ಬರೆಯದ ನಾಲ್ಕು ಉಳಿದಿದ್ದವು. ಕೊಟ್ಟೆ.
ಉಪಾಯವೇನಲ್ಲ, ನಾಚಿಕೆಯಾಗಿ.
ಪೆನ್ಸಿಲಿನ ಮೊನೆ ನೆಕ್ಕಿ ಬರೆದಳು:
ಎರಿ. ಮಸಾರಿ. ಮರಡಿ. ಗರಸು.
"ಇವೇನು, ಹೇಳ್ರಿ."

ರೊಟ್ಟಿಯಾ? ನಿನ್ನ ತಂಗಿಯರಾ?
ಕಣ್ಣು ಮುಚ್ಚಿ ಮೂವತ್ತು ಮೀನು ಹೆಸರಿಸುವವರು
ಒಬ್ಬರ ಮುಖ ಒಬ್ಬರು ನೋಡಿದರು.
"ಮಣ್ಣು. ನಾಕು ಥರದ್ದು. ನಿಮ್ಮಲ್ಲಿ ಎಷ್ಟು ಥರ ಐತಿ?"
ಹೊಯ್ಗೆ, ಎಂದರು ಕಡಲ ಬದಿಯವರು.
ಮುರಕಲ್ಲು, ಎಂದ ಮೆಲ್ರಾಯ್.
"ಅದು ಕಲ್ಲು," ಎಂದು ಲೆಕ್ಕದಿಂದ ತೆಗೆದುಹಾಕಿದಳು.

ಸ್ಟಾಫ್ ರೂಮಿನಲ್ಲಿ ಲೆಕ್ಕದ ಮಾಸ್ಟ್ರು ಕೇಳಿದರು:
"ಎಂತ, ಎಲ್ಲ ಒಂದಾದರಾ? ಪೋರ್ಷನ್ ಎಲ್ಲಿಗೆ ಬಂತು?"
ಒಂದಾಗಲಿಲ್ಲ. ಪೋರ್ಷನ್ನೂ ಬಾಕಿ.
ಗಂಟೆ ಹೊಡೆದದ್ದೇ ಉಳ್ಳಾಲದ ಬಸ್ಸಿಗೊಂದು ಗುಂಪು,
ಬೆಂಗ್ರೆಯ ಫೆರಿಗೊಂದು; ಎಂದಿನ ಹಾಗೇ.
ಆದರೆ ಧಕ್ಕೆಯ ತಿರುವಿನಲ್ಲಿ ಯಶಿಕಾ ಚಪ್ಪಲಿ ಎತ್ತಿ ಹಿಡಿದು
ರಸ್ತೆಯಾಚೆಗೆ ಕೂಗುವುದು ಕೇಳಿಸಿತು:
"ಗಾಳೆವ್ವಾ, ಇದು ಯಾವುದು ಮಾರಾಯ್ತಿ? ಎರಿಯಾ?"
"ಇಲ್ಲಬೇ! ಅದು ಬರೇ ರಾಡಿ!"

ರಾಡಿ.
ಬಸ್‌ಸ್ಟಾಪಿನಲ್ಲಿ ನಿಂತು ಚೀಲ ತಡಕಿದೆ,
ಕಾಗದ ಇನ್ನೊಂದು ಉಂಟಾ ಎಂದು.